ತಾರ್ನಾಕ ಸ್ಪೋರ್ಟಿಂಗ್ ತೀರಿಸಿದ ಬಾಕಿ

ಜೆರ್ಸಿಗಳ ಬಾಕಿ ಕೇಳಲು ಹೋದ ಕುಮುದಾ ಆ ಸಂಜೆ ಕ್ಲಬ್ಬಿನ ಅಧ್ಯಕ್ಷೆಯಾಗಿ ಮನೆಗೆ ಬಂದಳು.

ಸುಲ್ತಾನ್ ಬಜಾರಿನ ಒಂದು ಓಣಿಯಲ್ಲಿ ಅವಳದು ಹೊಲಿಗೆ ಅಂಗಡಿ. ಶಾಲೆಗಳ ಸಮವಸ್ತ್ರ, ಆಟಗಾರರ ಬಟ್ಟೆ ಹೊಲಿಯುವುದರಲ್ಲಿ ಹೆಸರು ಮಾಡಿದ್ದಳು. ಮದುವೆಯಾಗಿ ಇಳಕಲ್ಲಿನಿಂದ ಹೈದರಾಬಾದಿಗೆ ಬಂದಾಗ ಅವಳಿಗೆ ತೆಲುಗೂ ಬರುತ್ತಿರಲಿಲ್ಲ, ಹಿಂದಿಯೂ ಬರುತ್ತಿರಲಿಲ್ಲ. ಗಂಡ ದಿನೇಶ ಕೇಂದ್ರ ಸರ್ಕಾರದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಈಗ ಅವಳು ಗಿರಾಕಿಯ ಮುಖ ನೋಡಿಯೇ ಭಾಷೆ ಬದಲಿಸುತ್ತಿದ್ದಳು. ಸಿಟ್ಟು ಬಂದಾಗ ಮಾತ್ರ ಇಳಕಲ್ಲಿನ ಕನ್ನಡವೇ ಬಾಯಿಗೆ ಬರುತ್ತಿತ್ತು.

ತಾರ್ನಾಕ ಸ್ಪೋರ್ಟಿಂಗ್ ಒಂದು ಹಳೆಯ ಫುಟ್‌ಬಾಲ್ ಕ್ಲಬ್. ವಿಶ್ವವಿದ್ಯಾಲಯದ ಗೋಡೆಗೆ ಹತ್ತಿಕೊಂಡಂತೆ ಗುತ್ತಿಗೆಗೆ ಪಡೆದ ಒಂದು ಮೈದಾನ, ಎರಡು ಕೋಣೆ, ಒಂದು ಬಸ್ಸು ಅದರ ಆಸ್ತಿ. ಕಾರ್ಖಾನೆಗಳಿಗೆ, ರಕ್ಷಣಾ ಪ್ರಯೋಗಾಲಯಗಳಿಗೆ ಕೆಲಸಕ್ಕೆ ಬಂದ ಕನ್ನಡದವರು, ತೆಲುಗಿನವರು ಮತ್ತು ಊರಿನ ಮುಸಲ್ಮಾನರು ಕೂಡಿ ಕಟ್ಟಿದ್ದು. ಮುಂಜಾನೆ ಸುತ್ತಲಿನ ಬಸ್ತಿಗಳ, ಅಂದರೆ ಬಡವರ ಕೇರಿಗಳ, ಮಕ್ಕಳಿಗೆ ಪುಕ್ಕಟೆ ತರಬೇತಿ. ಸಂಜೆ ದೊಡ್ಡ ತಂಡದ ಅಭ್ಯಾಸ. ದೊಡ್ಡ ತಂಡ ನಗರದ ಲೀಗಿನ ಎರಡನೇ ದರ್ಜೆಯಲ್ಲಿ ಆಡುತ್ತಿತ್ತು. ಅದರ ಕಿತ್ತಳೆ ಬಣ್ಣದ ಜೆರ್ಸಿ ಹೊಲಿಯುತ್ತಿದ್ದವಳು ಕುಮುದಾ.

ಆ ಆಗಸ್ಟಿನ ಭಾನುವಾರ ಅವಳು ಕ್ಲಬ್ಬಿಗೆ ಹೋದಾಗ ಸಭೆ ನಡೆದಿತ್ತು. ಕೋಚ್ ಚನ್ನಬಸಪ್ಪನವರು ಅವಳಿಗೆ ಕುರ್ಚಿ ತೋರಿಸಿದರು. ಅವರು ಹುಬ್ಬಳ್ಳಿಯವರು, ಕಾರ್ಖಾನೆಯ ತಂಡದಲ್ಲಿ ಆಡಿ, ನಿವೃತ್ತರಾಗಿ, ಈಗ ಸಂಬಳವಿಲ್ಲದೆ ಇಲ್ಲಿ ಹುಡುಗರನ್ನು ತಯಾರು ಮಾಡುತ್ತಿದ್ದರು.

"ನಿನ್ನ ರೊಕ್ಕ ಈಗ ಬರೂದಿಲ್ಲ ತಂಗಿ," ಎಂದರು. "ಬ್ಯಾಂಕ್ ಖಾತೆ ತೆರಿಗಿಯವರು ಮುಟ್ಟುಗೋಲು ಹಾಕ್ಯಾರ."

"ಯಾಕ್ರಿ? ಏನಾತು?"

"ಆಟಗಾರರ ಪಗಾರದಾಗ ತೆರಿಗಿ ಅಂತ ಹಿಡದೇವಿ. ನಾಕು ವರ್ಷ ಹಿಡದೇವಿ. ಸರ್ಕಾರಕ್ಕ ಮಾತ್ರ ಕಟ್ಟಿಲ್ಲ. ಈಗ ಅದರ ಮ್ಯಾಲ ಬಡ್ಡಿ, ದಂಡ."

ಎಲ್ಲರೂ ಕಾರ್ಯದರ್ಶಿ ಶಾಂತಕುಮಾರರ ಕಡೆ ನೋಡಿದರು. ಆತ ತಲೆ ಎತ್ತಲಿಲ್ಲ. "ನಾ ಒಂದು ಪೈಸಾ ಮನೀಗೆ ಒಯ್ದಿಲ್ಲ," ಎಂದರು ಮೆಲ್ಲಗೆ. "ಬಸ್ಸಿನ ಡೀಸೆಲ್, ಬೂಟು, ಕಾಲು ಮುರಕೊಂಡವರ ಆಸ್ಪತ್ರೆ ಖರ್ಚು. ಮುಂದಿನ ತಿಂಗಳು ಕಟ್ಟೂಣು ಅಂತ ಪ್ರತಿ ತಿಂಗಳೂ ಅನಕೋತ ಬಂದೆ. ಅದು ಬೆಳಕೋತ ಹೋತು." ಅಷ್ಟು ಹೇಳಿ ರಾಜೀನಾಮೆ ಕೊಟ್ಟು ಎದ್ದು ಹೋದರು. ಅಧ್ಯಕ್ಷರು ಅದಕ್ಕೂ ಮೊದಲೇ ಬಿಟ್ಟು ಹೋಗಿದ್ದರು.

ಮುಂದಿನ ಒಂದು ತಾಸು ಎಲ್ಲರೂ ಹೆದರಿಕೆಯನ್ನೇ ಹಂಚಿಕೊಂಡರು. ಬಸ್ಸು ಹರಾಜಾಗುತ್ತದೆ ಎಂದರು ಒಬ್ಬರು. ತೆರಿಗೆ ಕಟ್ಟದ ಕ್ಲಬ್ಬನ್ನು ಲೀಗಿನಿಂದಲೇ ತೆಗೆಯುತ್ತಾರೆ ಎಂದರು ಇನ್ನೊಬ್ಬರು. ನಮ್ಮ ಮನೆಗೂ ಬರುತ್ತಾರೇನೋ ಎಂದರು ಮತ್ತೊಬ್ಬರು. ಕುಮುದಾಗೆ ತಡೆಯಲಾಗಲಿಲ್ಲ.

"ಅಲ್ರೀ, ನಿಮ್ಮೊಳಗ ಯಾರರ ಆ ಆಫೀಸಿಗೆ ಹೋಗಿ ಕೇಳೀರೇನು? ಕಂತಿನ ಮ್ಯಾಲ ಕಟ್ಟಾಕ ಬರತೈತೋ ಇಲ್ಲೋ ಅಂತ?"

ಯಾರೂ ಕೇಳಿರಲಿಲ್ಲ. ನೋಟಿಸು ಬಂದಾಗಿನಿಂದ ಒಬ್ಬರೂ ಆ ದಿಕ್ಕಿಗೆ ಹೋಗಿರಲಿಲ್ಲ. ಚನ್ನಬಸಪ್ಪ ಅವಳನ್ನೇ ನೋಡುತ್ತ ಕೂತವರು ಎದ್ದು ನಿಂತರು. "ಕುಮುದಾನ್ನ ಅಧ್ಯಕ್ಷೆ ಮಾಡೂಣು ಅಂತ ನಾ ಅಂತೀನಿ. ಯಾರದರ ತಕರಾರು ಐತೇನು?"

ಆ ಕುರ್ಚಿ ಬೇರೆ ಯಾರಿಗೂ ಬೇಕಿರಲಿಲ್ಲ. ತಕರಾರು ಇದ್ದದ್ದು ಮನೆಯಲ್ಲಿ ದಿನೇಶನಿಗೆ ಮಾತ್ರ.

"ರೊಕ್ಕ ತರತೀನಿ ಅಂತ ಹೋದಾಕಿ ಸಾಲ ತಲಿ ಮ್ಯಾಲ ಹೊತಗೊಂಡು ಬಂದೀಯಲ್ಲ!" ಎಂದು ಅವನು ತಟ್ಟೆ ಬದಿಗೆ ಸರಿಸಿದ.

"ಸಾಲ ಹೊತಗೊಂಡಿಲ್ರಿ. ಬರೇ ಕೇಳಾಕ ಹೊಂಟೀನಿ."

*

ತೆರಿಗೆ ಕಚೇರಿಯ ಅಧಿಕಾರಿಯ ಹೆಸರು ಕಮಲಾಕ್ಷಿ. ತೆಲುಗಿನ ಹೆಂಗಸು, ಮಾತು ಕಡಿಮೆ. "ಕೂರ್ಚೋಂಡಿ," ಎಂದು ಕುರ್ಚಿ ತೋರಿಸಿ, ಕುಮುದಾ ಹೇಳಿದ್ದನ್ನೆಲ್ಲ ನಡುವೆ ಬಾಯಿ ಹಾಕದೆ ಕೇಳಿಸಿಕೊಂಡಳು. ಆಮೇಲೆ ತೆಲುಗಿನಲ್ಲೇ, ಶಾಲೆಯಲ್ಲಿ ಪಾಠ ಹೇಳುವವರಂತೆ ಬಿಡಿಸಿ ಹೇಳಿದಳು. ಇದು ಕ್ಲಬ್ಬಿನ ಹಣವೇ ಅಲ್ಲ. ಆಟಗಾರರ ಹಣ. ಅವರಿಂದ ಹಿಡಿದು ಇಟ್ಟುಕೊಂಡಿದ್ದು. ಆದ್ದರಿಂದ ಮಾಫಿ ಎಂಬ ಮಾತಿಲ್ಲ. ಆದರೆ ತಾವಾಗಿಯೇ ಬಂದವರಿಗೆ ಕಂತುಗಳಲ್ಲಿ ಕಟ್ಟಲು ಅವಕಾಶ ಕೊಡಬಹುದು. ಮೊದಲ ಕಂತು ದಸರೆಯೊಳಗೆ, ಕೊನೆಯದು ಲೀಗ್ ಮುಗಿಯುವ ಫೆಬ್ರವರಿಯಲ್ಲಿ. ಒಂದು ಕಂತು ತಪ್ಪಿದರೂ ಬಸ್ಸು, ಸಾಮಾನು ಎಲ್ಲ ಹರಾಜಿಗೆ.

"ಹೆದರಿಸುತ್ತಿಲ್ಲ. ಇರುವುದನ್ನು ಹೇಳುತ್ತಿದ್ದೇನೆ," ಎಂದಳು.

"ನಾವು ಕಟ್ಟಿದ್ದು ಆಟಗಾರರ ಹೆಸರಿಗೆ ಬೀಳುತ್ತದಾ?"

"ಬೀಳುತ್ತದೆ. ಯಾರ ಹೆಸರಿನದು ಮೊದಲು ಎಂಬುದನ್ನು ನೀವೇ ತಿಳಿಸಬಹುದು. ಅವರವರ ಫೋನಿನಲ್ಲೇ ಕಾಣುತ್ತದೆ."

ಕುಮುದಾ ಹೊರಗೆ ಬಂದು ಎದುರಿನ ಇರಾನಿ ಹೋಟೆಲಿನಲ್ಲಿ ಕೂತು ಚಹಾ ಕುಡಿದಳು. ಭೂತ ಎಂದು ಎಲ್ಲರೂ ಹೆದರಿದ್ದರ ಮುಖ ನೋಡಿ ಬಂದಿದ್ದಳು. ಅದು ಕನ್ನಡಕ ಹಾಕಿಕೊಂಡ ಒಬ್ಬ ಹೆಂಗಸಿನದಾಗಿತ್ತು. ಇನ್ನು ಕೆಲಸವೇ ಬಾಕಿ ಎಂದುಕೊಂಡಳು.

ಕೆಲಸ ಶುರುವಾಗುವ ಮೊದಲೇ ರವಿಕಿರಣ ಬಂದ. ಆತ ಕಟ್ಟಡಗಳನ್ನು ಕಟ್ಟಿಸುವವನು, ಫುಟ್‌ಬಾಲಿನ ಹುಚ್ಚೂ ಇದ್ದವನು. ತಾಯಿ ರಾಯಚೂರಿನವಳಾದ್ದರಿಂದ ಕನ್ನಡ ಬರುತ್ತಿತ್ತು. ಸುತ್ತಿಬಳಸಿ ಮಾತಾಡುವ ಮನುಷ್ಯನಲ್ಲ.

"ಮೇಡಮ್, ಪೂರಾ ಬಾಕಿ ನಾ ಕಟ್ಟತೀನಿ. ಬಡ್ಡಿ, ದಂಡ ಎಲ್ಲಾ. ಕ್ಲಬ್ಬು, ಮೈದಾನದ ಗುತ್ತಿಗಿ ನನ್ನ ಹೆಸರಿಗೆ ಮಾಡ್ರಿ. ಹಸಿರು ಟರ್ಫ್ ಹಾಸಿ, ಲೈಟ್ ಹಾಕಿಸಿ, ಒಂದನೇ ದರ್ಜೆ ತಂಡ ಮಾಡಿ ತೋರಸ್ತೀನಿ."

ಸಮಿತಿಯವರ ಮುಖ ಅರಳಿತು. ಕುಮುದಾಳಿಗೂ ಒಂದು ಗಳಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಆಮೇಲೆ ಕೇಳಿದಳು: "ಮುಂಜಾನೆ ಆಡಾಕ ಬರೋ ಮಕ್ಕಳು?"

"ಬರಲಿ. ತಾಸಿಗೆ ಇಷ್ಟು ಅಂತ ಬುಕ್ ಮಾಡಿ ಆಡಲಿ. ಎಲ್ಲಾ ಕಡೆ ಹಂಗೇ ಐತಲ್ಲ?"

"ಬಸ್ತಿ ಮಕ್ಕಳು ಎಲ್ಲಿಂದ ತರಬೇಕ್ರಿ?"

"ಮೇಡಮ್, ನಾ ಧರ್ಮಛತ್ರ ನಡಸಾಕ ಬಂದಿಲ್ಲ." ಅದರಲ್ಲಿ ಒರಟುತನ ಇರಲಿಲ್ಲ, ಇದ್ದದ್ದನ್ನು ಇದ್ದಂತೆ ಹೇಳಿದ್ದ. ಕುಮುದಾಳೂ ಹಾಗೆಯೇ ಹೇಳಿದಳು. "ಹಂಗಾದ್ರ ಬ್ಯಾಡ್ರಿ. ನಾವೇ ಕಟ್ಟತೀವಿ."

ಹಿಂದಿನಿಂದ ಯಾರೋ "ಎಲ್ಲಿಂದ?" ಎಂದರು.

ರವಿಕಿರಣ ಸುಮ್ಮನೆ ಕೂರಲಿಲ್ಲ. ಅದೇ ಎರಡನೇ ದರ್ಜೆಯಲ್ಲಿದ್ದ ಬೇರೊಂದು ಕ್ಲಬ್ಬನ್ನು ಕೊಂಡು, ಅದಕ್ಕೆ ಆರ್.ಕೆ. ಸ್ಟ್ರೈಕರ್ಸ್ ಎಂದು ಹೆಸರಿಟ್ಟ. ತಾರ್ನಾಕದ ಅರ್ಧ ತಂಡ ಹೆಚ್ಚಿನ ಸಂಬಳಕ್ಕೆ ಅಲ್ಲಿಗೆ ಹೋಯಿತು. ಗೋಲು ಹೊಡೆಯುವುದರಲ್ಲಿ ಎಲ್ಲರಿಗಿಂತ ಮುಂದಿದ್ದ ನಿತಿನನೂ ಹೋದ, ಗೋಲ್‌ಕೀಪರನೂ ಹೋದ. ನಾಯಕ ಪವನ ಮಾತ್ರ ಎಲ್ಲಿಗೂ ಹೋಗದೆ ಆಟವನ್ನೇ ಬಿಟ್ಟಿದ್ದ.

*

ಪವನ ಬೆಳಗಾವಿಯವನು. ದಿಲ್‌ಸುಖ್‌ನಗರದಲ್ಲಿ ಕೋಚಿಂಗ್ ಸೆಂಟರುಗಳ ಬೋರ್ಡುಗಳ ನಡುವೆ, ಒಂದು ಕಟ್ಟಡದ ಮಾಳಿಗೆಯ ಮೇಲೆ ಹಸಿರು ಚಾಪೆ ಹಾಸಿದ ಜಾಗದಲ್ಲಿ ಚಿಕ್ಕ ಮಕ್ಕಳಿಗೆ ಚೆಂಡು ಒದೆಯುವುದನ್ನು ಕಲಿಸುತ್ತಿದ್ದ. ಕುಮುದಾ ಮೆಟ್ಟಿಲು ಹತ್ತಿ ಬಂದಾಗ ಅವನು ಗುರುತಿಸಿ ಹತ್ತಿರ ಬಂದ, ನಗಲಿಲ್ಲ.

"ಆಡಾಕ ಕರಿಯಾಕ ಬಂದೀರೇನ್ರಿ ಅಕ್ಕಾರ?"

"ಹೌದು."

"ನನ್ನ ಪಗಾರದಾಗ ಹಿಡದ ತೆರಿಗಿ ಕಟ್ಟಿಲ್ಲ ಅಂತ ನನಗ ಹೆಂಗ ಗೊತ್ತಾತು, ಗೊತ್ತೈತಿ? ಮನೀ ಸಾಲಕ್ಕಂತ ಬ್ಯಾಂಕಿಗೆ ಹೋಗಿದ್ದೆ. ನಿನ್ನ ತೆರಿಗಿ ಎಲ್ಲಿ ಅಂದ್ರು. ಹಿಡದಾರ್ರಿ ಅಂದೆ. ಹಿಡದದ್ದು ಎಲ್ಲಿ ಕಾಣಸಾಕತ್ತೈತಿ ಅಂದ್ರು. ಹೆಂಡ್ತಿ ಮುಂದ ನಾ ಸುಳ್ಳ ಆದೆ." ಅವನ ದನಿ ಏರಿತು, ಮಕ್ಕಳು ಆಟ ನಿಲ್ಲಿಸಿ ನೋಡಿದರು. "ಎಂಟು ವರ್ಷ ಆ ಕಿತ್ತಳಿ ಅಂಗಿ ಹಾಕ್ಕೊಂಡು ಮೊಣಕಾಲು ಹಾಳ ಮಾಡಕೊಂಡೆ. ಅದಕ್ಕ ಸಿಕ್ಕಿದ್ದು ಇದು."

ಕುಮುದಾ ಸಮಾಧಾನ ಹೇಳಲು ಹೋಗಲಿಲ್ಲ. "ನಿನಗ ಆದದ್ದು ಮೋಸನ," ಎಂದಳು. "ನಾ ಅದನ್ನ ಬ್ಯಾರೆ ಹೆಸರಿಲೆ ಕರಿಯೂದಿಲ್ಲ. ಈಗ ಬಾ ಅಂತ ಅನ್ನೂದಿಲ್ಲ. ಮೊದಲನೇ ಕಂತು ಕಟ್ಟಿದ ಮ್ಯಾಲ ನಿನ್ನ ಫೋನಿನಾಗ ನೋಡಕೋ. ನಿನ್ನ ಹೆಸರಿಗೆ ಬಂದಿದ್ರ ಬಾ. ಬರಲಿಲ್ಲಂದ್ರ ನನ್ನ ಅಂಗಡಿಗೆ ಬಂದು ಬೈದು ಹೋಗು."

ಪವನ ಮಕ್ಕಳಿಗೆ ಆಟ ಮುಂದುವರಿಸಲು ಕೈಸನ್ನೆ ಮಾಡಿದ. "ಆತ್ರಿ," ಎಂದ. "ನೋಡೂಣು."

ದಸರೆಯೊಳಗೆ ಕಂತು ಕೂಡಿಸುವ ಕೆಲಸ ಅಂಗಡಿಯಿಂದಲೇ ಶುರುವಾಯಿತು. ಆಟಗಾರರಿಗಷ್ಟೇ ಹೊಲಿಯುತ್ತಿದ್ದ ಕಿತ್ತಳೆ ಜೆರ್ಸಿಯನ್ನು ಕುಮುದಾ ಎಲ್ಲರಿಗೂ ಹೊಲಿದು ಅಂಗಡಿಯ ಮುಂದೆ ತೂಗುಹಾಕಿದಳು. ಬೆನ್ನ ಮೇಲೆ ಕೊಂಡವರ ಹೆಸರು. ತೆಲುಗು, ಉರ್ದು, ಕನ್ನಡ, ಯಾವ ಲಿಪಿ ಬೇಕೋ ಅದರಲ್ಲಿ. ಅದು ಊರಲ್ಲಿ ಸುದ್ದಿಯಾಯಿತು. ಅಜ್ಜನೊಬ್ಬ ತನ್ನ ಹೆಸರಿನ ಜೆರ್ಸಿಯನ್ನು ಪಂಚೆಯ ಮೇಲೆ ಹಾಕಿಕೊಂಡು ಅಂಗಡಿಯಿಂದಲೇ ಹೊರಟುಹೋದ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಇಡೀ ಋತುವಿನ ಪಾಸುಗಳನ್ನು ಮಾರುವ ಕೆಲಸ ದಿನೇಶನ ಪಾಲಿಗೆ ಬಂತು. ಮೊದಲ ದಿನ ನಾಚಿಕೊಂಡು ಜೇಬಿನಿಂದ ಹೊರಗೇ ತೆಗೆಯದವನು, ವಾರ ಕಳೆಯುವುದರಲ್ಲಿ ಊಟದ ಸಾಲಿನಲ್ಲಿ ನಿಂತವರನ್ನು ಹಿಡಿದು ನಿಲ್ಲಿಸಿ ಮಾರುತ್ತಿದ್ದ. "ನಿನ್ನ ಸಲುವಾಗಿ ಅಲ್ಲ," ಎಂದು ಕುಮುದಾಗೆ ಹೇಳಿದ. "ಒಮ್ಮೆ ಹಿಡದ ಕೆಲಸ ಅರ್ಧಕ್ಕ ಬಿಡಾಕ ನನಗ ಬರೂದಿಲ್ಲ."

ಕಂತಿನ ಹಣ ಕೂಡಿತು. ಆಗ ಸಮಿತಿಯಲ್ಲಿ ಜಗಳ ಬಂತು. ಬಿಟ್ಟು ಹೋದ ಆಟಗಾರರ ಹೆಸರಿಗೆ ಈಗಲೇ ಯಾಕೆ ಕಟ್ಟಬೇಕು, ಉಳಿದವರದು ಮೊದಲಾಗಲಿ ಎಂದರು ಹಲವರು. ಚನ್ನಬಸಪ್ಪನವರೂ ಅದೇ ಮಾತಾಡಿದರು. "ನಿತಿನ ನಾಳೆ ನಮ್ಮ ಮ್ಯಾಲನ ಗೋಲ್ ಹೊಡಿಯಾಂವ. ಅವಂಗ ಮೊದಲ ಕೊಡೂದೇನು?"

"ಅವಂಗ ಕೊಡಾಕತ್ತಿಲ್ರಿ ಅಣ್ಣಾರ. ಅವನದನ್ನ ಅವಂಗ ತಿರಗಿ ಮುಟ್ಟಸಾಕತ್ತೀವಿ," ಎಂದಳು ಕುಮುದಾ. "ಯಾರ್ಯಾರ ಪಗಾರದಾಗ ಹಿಡದೀವಿ, ಎಲ್ಲಾರಿಗೂ ಒಂದ ಅಳತಿ. ಬಿಟ್ಟು ಹೋದವರನ್ನ ಹಿಂದಕ್ಕ ಹಾಕಿದ್ರ ಇದ್ದವರು ಏನ ತಿಳಕೋತಾರ? ನಾಳೆ ನಾವೂ ಬಿಟ್ರ ನಮಗೂ ಇದ ಗತಿ ಅಂತಾರ."

ಚನ್ನಬಸಪ್ಪ ಅವಳನ್ನು ದಿಟ್ಟಿಸಿ ನೋಡಿ, "ನೀ ಅಂಗಡಿ ಬಿಟ್ಟು ಇಲೆಕ್ಷನ್ನಿಗೆ ನಿಂದ್ರು," ಎಂದು ಗೊಣಗಿದರು. ಆದರೆ ಕೈ ಎತ್ತಿದ್ದು ಅವಳ ಪರವಾಗಿಯೇ.

ದಸರೆ ಕಳೆದು ಕೆಲವು ದಿನಗಳ ಮೇಲೆ, ಸಂಜೆಯ ಅಭ್ಯಾಸ ನಡೆದಿದ್ದಾಗ ಪವನ ಮೈದಾನದ ಗೇಟಿನೊಳಗೆ ಬಂದ. ಕೈಯಲ್ಲಿ ಬೂಟು ಇದ್ದವು. ಯಾರಿಗೂ ಏನೂ ಹೇಳದೆ ಗೆರೆಯ ಪಕ್ಕ ಕೂತು ಲೇಸು ಕಟ್ಟಿಕೊಂಡ. ಆಮೇಲೆ ಕುಮುದಾ ಇದ್ದಲ್ಲಿಗೆ ಬಂದು, "ನೋಡಿದೆ ಅಕ್ಕಾರ. ಬಂದೈತಿ," ಎಂದ. ಅಷ್ಟೇ ಹೇಳಿ ಓಡಿಹೋದ.

*

ಲೀಗಿನ ಮೊದಲ ಆಟಗಳನ್ನು ತಾರ್ನಾಕ ಸೋತಿತು. ಹೊಸ ಹುಡುಗರಿಗೆ ಒಬ್ಬರ ಓಟ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಗೋಲಿನಲ್ಲಿ ನಿಲ್ಲಲು ಸರಿಯಾದವರು ಸಿಕ್ಕಿರಲಿಲ್ಲ. ಆ ಹೊತ್ತಿಗೆ ಬಂದವನು ಪ್ರಜ್ವಲ. ಮಂಗಳೂರಿನ ಉದ್ದನೆಯ ಹುಡುಗ, ಐಟಿ ಕಂಪನಿಯಲ್ಲಿ ಕೆಲಸ. ಜೆರ್ಸಿ ಕೊಳ್ಳಲು ಸುಲ್ತಾನ್ ಬಜಾರಿಗೆ ಬಂದಿದ್ದ. ಅವನ ತೋಳಿನ ಅಳತೆ ಹಿಡಿಯುತ್ತಿದ್ದ ಕುಮುದಾ ಟೇಪನ್ನು ಹಾಗೆಯೇ ಹಿಡಿದು ಕೇಳಿದಳು: "ಫುಟ್‌ಬಾಲ್ ಆಡತೀಯೇನಪಾ?"

"ಕಾಲೇಜಿನಲ್ಲಿ ಕೀಪರ್ ಆಗಿದ್ದೆ. ಈಗ ಬರೀ ಕಂಪ್ಯೂಟರ್ ಎದುರು ಕೂತ್ಕೊಳ್ಳುವುದು ಮಾರಾಯ್ರೆ."

"ಸಂಜಿಕ ತಾರ್ನಾಕಕ್ಕ ಬಾ. ಪಗಾರ ಇಲ್ಲ. ಜೆರ್ಸಿ ಪುಕ್ಕಟೆ."

ಅವನು ಬಂದ, ತನ್ನ ಜೊತೆ ಕೆಲಸ ಮಾಡುವ ಮಂಗಳೂರು, ಮೈಸೂರು, ಬೆಂಗಳೂರಿನ ಹುಡುಗ ಹುಡುಗಿಯರನ್ನೂ ಮೈದಾನದ ಬದಿಗೆ ಕರೆತಂದ. ಅವರು ತಂದ ಚೆಂಡೆಯ ಸದ್ದು ತಾರ್ನಾಕದಲ್ಲಿ ಹೊಸದು. ಬಸ್ತಿಯ ಹಿರಿಯರು ಅದಕ್ಕೆ ತಮ್ಮ ಡಪ್ಪು ಎಂಬ ತಮಟೆ ಸೇರಿಸಿದರು. ಪವನ ಹಿಂದೆ ನಿಂತು ತಂಡವನ್ನು ಮಾತಿನಿಂದಲೇ ಕಟ್ಟುತ್ತ ಹೋದ. ಡಿಸೆಂಬರಿನಲ್ಲಿ ತಾರ್ನಾಕ ಸೋಲುವುದನ್ನು ನಿಲ್ಲಿಸಿತು. ಜನವರಿಯಲ್ಲಿ ಗೆಲ್ಲುವುದನ್ನು ರೂಢಿ ಮಾಡಿಕೊಂಡಿತು. ಭಾನುವಾರಗಳಂದು ಮೈದಾನದ ಬದಿಯಲ್ಲಿ ಗಿರ್ಮಿಟ್, ಮಿರ್ಚಿ ಭಜಿಯ ಅಂಗಡಿ ಎದ್ದಿತು. ಟಿಕೆಟಿಗೆ ಸಾಲು ನಿಂತಿತು.

ಒಂದು ಭಾನುವಾರ ಆ ಸಾಲಿನಲ್ಲಿ ಶಾಂತಕುಮಾರ ನಿಂತಿದ್ದರು. ರಾಜೀನಾಮೆ ಕೊಟ್ಟ ಮೇಲೆ ಮೈದಾನದ ಕಡೆ ಬಂದಿರಲಿಲ್ಲ. ಕುಮುದಾ ಅವರನ್ನು ನೋಡಿ ಹತ್ತಿರ ಹೋದಳು. ಆತ ಗಡಿಬಿಡಿಯಿಂದ, "ಟಿಕೆಟ್ ತಗೊಂಡ ಒಳಗ ಬರತೀನಿ, ಪುಕ್ಕಟೆ ಬರೂದಿಲ್ಲ," ಎಂದರು.

"ಗೇಟಿನಾಗ ಒಬ್ಬರು ಕಮ್ಮಿ ಅದಾರ್ರಿ. ನಿಂದ್ರತೀರೇನು?"

"ನಾನಾ? ಜನ ಏನಂತಾರ?"

"ಅನ್ನೂದು ಇದ್ರ ನಿಮ್ಮ ಮುಂದ ಅಂತಾರ. ಹಿಂದ ಅನ್ನೂದಕ್ಕಿಂತ ಅದ ಛಲೋ ಅಲ್ಲೇನು?"

ಶಾಂತಕುಮಾರ ಅಂದು ಗೇಟಿನಲ್ಲಿ ನಿಂತರು. ಕೆಲವರು ಅಂದರು ಕೂಡ. ಆತ ಕೇಳಿಸಿಕೊಂಡರು, ಮುಂದಿನ ವಾರವೂ ಬಂದರು.

ನಡುವಿನ ಕಂತುಗಳು ಹೀಗೆ ಸಂದವು. ಉಳಿದದ್ದು ಕೊನೆಯದು. ಅದೇ ಎಲ್ಲಕ್ಕಿಂತ ದೊಡ್ಡದು, ದಂಡದ ಮೊತ್ತವೂ ಅದರಲ್ಲೇ ಇತ್ತು. ಲೀಗಿನಲ್ಲೂ ಕೊನೆಯ ಆಟ ಉಳಿದಿತ್ತು. ಎದುರಾಳಿ ಆರ್.ಕೆ. ಸ್ಟ್ರೈಕರ್ಸ್. ಮೊದಲ ಸ್ಥಾನದಲ್ಲಿ ಅವರು, ಬೆನ್ನಿಗೆ ತಾರ್ನಾಕ. ಗೆದ್ದರೆ ತಾರ್ನಾಕ ಮೊದಲ ದರ್ಜೆಗೆ, ಸಮವಾದರೂ ಅವರು. ಮೈದಾನ ತುಂಬಿದರೆ ಮಾತ್ರ ಕಂತು ತುಂಬುವ ಹಾಗಿತ್ತು.

*

ಆ ಭಾನುವಾರ ಮಧ್ಯಾಹ್ನದ ಊಟ ಮುಗಿಯುವ ಮೊದಲೇ ತಾರ್ನಾಕದ ರಸ್ತೆ ಕಿತ್ತಳೆಯಾಯಿತು. ಮೆಟ್ರೊ ಇಳಿದು ಬಂದವರು, ಸ್ಕೂಟರಿನ ಮೇಲೆ ಮೂವರು ಕೂತು ಬಂದವರು, ಕಾರ್ಖಾನೆಯ ಕಾಲೋನಿಗಳಿಂದ ಮನೆಮಂದಿಯೆಲ್ಲ ಬಂದವರು. ದಿನೇಶ ಮೈಕು ಹಿಡಿದು ಕನ್ನಡ, ತೆಲುಗು, ಹಿಂದಿ ಮೂರನ್ನೂ ಒಂದೇ ಉಸಿರಿನಲ್ಲಿ ಕೂಗುತ್ತ ಜನರನ್ನು ಒಳಗೆ ಕೂರಿಸುತ್ತಿದ್ದ. ಗೋಡೆಯ ಮೇಲೂ ಜಾಗವಿಲ್ಲದಾದಾಗ ಶಾಂತಕುಮಾರ ಗೇಟಿನಿಂದ ಓಡಿ ಬಂದರು.

"ಟಿಕೆಟ್ ತೀರ್ಯಾವ್ರಿ! ಒಂದೂ ಇಲ್ಲ! ಇನ್ನೂ ಮಂದಿ ನಿಂತಾರ!"

ಕಮಲಾಕ್ಷಿಯೂ ಬಂದಿದ್ದಳು. ಮುಂದಿನ ಸಾಲಿನಲ್ಲಿ ಕೂರಿಸಲು ಕುಮುದಾ ಕರೆದಾಗ, ಬೇಡ ಎಂದು ಕೈಯಲ್ಲಿದ್ದ ಟಿಕೆಟು ತೋರಿಸಿದಳು. "ಕೊಂಡಿದ್ದೇನೆ. ನನ್ನ ಜಾಗದಲ್ಲೇ ಕೂರುತ್ತೇನೆ," ಎಂದಳು. ಆದರೆ ಅವಳ ಮಗಳು ಕಿತ್ತಳೆ ಜೆರ್ಸಿ ಹಾಕಿಕೊಂಡಿದ್ದಳು.

ಆಟ ಶುರುವಾಯಿತು. ಸ್ಟ್ರೈಕರ್ಸ್‌ನವರು ಯಾವ ದಯೆಯನ್ನೂ ತೋರಿಸಲಿಲ್ಲ. ತನ್ನ ಹಳೆಯ ಕ್ಲಬ್ಬಿನ ಜನರ ಮುಂದೆ ಆಡುತ್ತಿದ್ದ ನಿತಿನ ಎಂದಿಗಿಂತ ಚುರುಕಾಗಿದ್ದ. ಹಾಫ್‌ಟೈಮಿಗೆ ಸ್ವಲ್ಪ ಮೊದಲು ಇಬ್ಬರನ್ನು ದಾಟಿ ಚೆಂಡನ್ನು ಬಲೆಯ ಮೂಲೆಗೆ ಕಳಿಸಿದ. ಚೆಂಡೆ ನಿಂತಿತು. ರವಿಕಿರಣ ಎದುರಿನ ಬದಿಯಲ್ಲಿ ಎದ್ದು ಚಪ್ಪಾಳೆ ತಟ್ಟಿದ.

ವಿರಾಮದಲ್ಲಿ ಚನ್ನಬಸಪ್ಪ ಹುಡುಗರ ಮೇಲೆ ಕೂಗಾಡಬಹುದೆಂದು ಕುಮುದಾ ಎಣಿಸಿದ್ದಳು. ಅವರು ನೀರಿನ ಬಾಟಲಿಗಳನ್ನು ಒಬ್ಬೊಬ್ಬರ ಕೈಗೆ ತಾವೇ ಕೊಟ್ಟು, "ಹೊರಗ ನೋಡ್ರೋ," ಎಂದರು. "ಮುಂದಿನ ಸಾಲಿನಾಗ ಕೂತಾರಲ್ಲ, ಮುಂಜಾನೆ ಆಡೋ ಮಕ್ಕಳು. ಅವರ ಮೈದಾನ ಇದು. ಉಳಸಿಕೊಟ್ಟೀರಿ ನೀವು. ಸೋತರೂ ಉಳದೈತಿ. ಹಂಗಾಗಿ ಹೆದರಬ್ಯಾಡ್ರಿ. ಆಡ್ರಿ."

ಹೆದರಿಕೆ ಬಿಟ್ಟ ತಂಡ ಬೇರೆಯೇ ಆಗಿತ್ತು. ಎರಡನೇ ಅವಧಿಯಲ್ಲಿ ಚೆಂಡು ಸ್ಟ್ರೈಕರ್ಸ್‌ನ ಅರ್ಧದಿಂದ ಹೊರಗೆ ಬರುವುದೇ ಅಪರೂಪವಾಯಿತು. ಬಲಬದಿಯಿಂದ ಬಂದ ಉದ್ದನೆಯ ಪಾಸು ಅವರ ರಕ್ಷಕನ ಕಾಲಿಗೆ ತಗುಲಿ ತಿರುಗಿದಾಗ, ತಾರ್ನಾಕದ ಎಡಬದಿಯ ಹುಡುಗ ನುಗ್ಗಿ ಒದ್ದ. ಸಮ. ಗದ್ದಲದಲ್ಲಿ ಮಿರ್ಚಿ ಭಜಿಯ ತಟ್ಟೆಗಳು ಹಾರಿದವು. ಆಟ ಮುಗಿಯಲು ಬಂದಾಗ ಒಂದು ಕಾರ್ನರ್ ಸಿಕ್ಕಿತು. ಹಿಂದಿನಿಂದ ಪವನ ಓಡಿ ಬರುವುದನ್ನು ಎಲ್ಲರೂ ನೋಡಿದರು, ಸ್ಟ್ರೈಕರ್ಸ್‌ನವರೂ ನೋಡಿದರು. ಇಬ್ಬರು ಅವನಿಗೆ ಅಡ್ಡ ನಿಂತರು. ಆದರೂ ಆ ಹಾಳಾದ ಮೊಣಕಾಲಿನ ಮೇಲೆ ಅವನು ಇಬ್ಬರಿಗಿಂತ ಮೇಲಕ್ಕೆ ಎದ್ದ. ಹಣೆಗೆ ತಾಗಿದ ಚೆಂಡು ಬಲೆಯೊಳಗೆ ಹೋದಾಗ ತಾನು ಏನು ಕೂಗಿದೆನೆಂದು ಕುಮುದಾಗೇ ತಿಳಿಯಲಿಲ್ಲ.

ಆದರೆ ಆಟ ಮುಗಿದಿರಲಿಲ್ಲ. ಇಂಜುರಿ ಟೈಮಿನಲ್ಲಿ ಪೆನಾಲ್ಟಿ ಜಾಗದೊಳಗೆ ಚೆಂಡು ತಾರ್ನಾಕದ ಹುಡುಗನೊಬ್ಬನ ಕೈಗೆ ತಾಗಿತು. ರೆಫರಿಯ ಸೀಟಿ. ಪೆನಾಲ್ಟಿ. ಒದೆಯಲು ಬಂದವನು ನಿತಿನ.

ಪವನ ಪ್ರಜ್ವಲನ ಹತ್ತಿರ ಓಡಿದ. "ಅಂವ ಯಾವಾಗಲೂ ಎಡಕ್ಕ ಹೊಡಿತಾನ," ಎಂದ. ಆಮೇಲೆ ತಾನೇ ತಲೆ ಕೊಡವಿದ. "ಅದು ನನಗ ಗೊತ್ತೈತಿ ಅಂತ ಅವಂಗೂ ಗೊತ್ತೈತಿ. ನಿನಗ ತಿಳಿದಂಗ ಮಾಡು."

ನಿತಿನ ಓಡಿ ಬಂದು ಬಲವಾಗಿ ಒದ್ದ. ಎಡಕ್ಕೂ ಅಲ್ಲ, ಬಲಕ್ಕೂ ಅಲ್ಲ, ನಟ್ಟನಡುವೆ. ಪ್ರಜ್ವಲ ಕದಲಿರಲಿಲ್ಲ. ಚೆಂಡು ಅವನ ಎದೆಗೆ ಬಡಿಯಿತು. ಅವನು ಅದನ್ನು ತಬ್ಬಿಕೊಂಡು ನೆಲಕ್ಕೆ ಬಿದ್ದ. ರೆಫರಿ ಕೊನೆಯ ಸೀಟಿ ಊದಿದ. ಜನ ಮೈದಾನದೊಳಗೆ ಇಳಿದರು.

"ಹೇಗೆ ಗೊತ್ತಾಯಿತು ನಿನಗೆ?" ಎಂದು ಗೆಳೆಯರು ಅವನನ್ನು ಎತ್ತಿ ಹಿಡಿದು ಕೇಳಿದರು.

"ಎಂತ ಗೊತ್ತಾಗುವುದು ಮಾರಾಯ್ರೆ! ಕಾಲೇ ಏಳಲಿಲ್ಲ ನನಗೆ!"

ರವಿಕಿರಣ ಜನರ ನಡುವೆ ದಾರಿ ಮಾಡಿಕೊಂಡು ಬಂದು ಕುಮುದಾಗೆ ಕೈಮುಗಿದ. "ಸೋತದ್ದಕ್ಕ ಬ್ಯಾಸರ ಐತಿ ಮೇಡಮ್. ಆದ್ರ ಇಷ್ಟು ಮಂದಿನ್ನ ನಾ ರೊಕ್ಕ ಕೊಟ್ಟು ತರಾಕ ಆಗತಿರಲಿಲ್ಲ."

ಅವನ ಹಿಂದೆ ನಿತಿನ ನಿಂತಿದ್ದ. ಬೆವರು ಒರೆಸಿಕೊಳ್ಳುತ್ತ, ರವಿಕಿರಣ ಆಚೆ ಹೋಗುವವರೆಗೆ ಕಾದು ಹೇಳಿದ. "ದಸರೆ ಆದಮ್ಯಾಲ ನನ್ನ ಹೆಸರಿಗೂ ಬಂತ್ರಿ ಅಕ್ಕಾರ. ಬಿಟ್ಟು ಹೋಗಿದ್ದೆ, ಆದರೂ ಬಂತು. ಆ ದಿನಾ ಫೋನ್ ಮಾಡಬೇಕಂದೆ. ಹೆಂಗ ಮಾತಾಡಬೇಕು ತಿಳೀಲಿಲ್ಲ." ಆಮೇಲೆ ಕೇಳಿದ: "ಸ್ಟ್ರೈಕರ್ಸ್‌ನವರ ಕೂಡ ಒಪ್ಪಂದ ಈ ವರ್ಷಕ್ಕ ಮುಗಿತೈತಿ. ನನಗ ನಿಮ್ಮ ತಂಡದಾಗ ಜಾಗ ಐತೇನ್ರಿ?"

"ಜಾಗ ಐತಿ. ಪಗಾರ ಅವರಷ್ಟು ಕೊಡಾಕ ಆಗೂದಿಲ್ಲ," ಎಂದಳು ಕುಮುದಾ. "ಆದ್ರ ಹಿಡದ ತೆರಿಗಿ ಮಾತ್ರ ಆಯಾ ತಿಂಗಳ ಕಟ್ಟತೀವಿ."

ಪಕ್ಕದಲ್ಲಿದ್ದ ಪವನ ಜೋರಾಗಿ ನಕ್ಕು ನಿತಿನನ ಕೊರಳಿಗೆ ಕೈ ಹಾಕಿ ಎಳೆದುಕೊಂಡು ಹೋದ.

ಮರುದಿನ ಮುಂಜಾನೆ ಕುಮುದಾ ಮತ್ತು ಶಾಂತಕುಮಾರ ಕೂಡಿಯೇ ತೆರಿಗೆ ಕಚೇರಿಗೆ ಹೋದರು. ಕೊನೆಯ ಕಂತು ಸಂದಿತು. ಕಮಲಾಕ್ಷಿ ಪರದೆಯ ಮೇಲೆ ಎಲ್ಲವನ್ನೂ ಒಮ್ಮೆ ನೋಡಿ, ಎದ್ದು ನಿಂತು, ಮೊದಲ ಬಾರಿಗೆ ನಕ್ಕಳು. "ತಾರ್ನಾಕ ಸ್ಪೋರ್ಟಿಂಗ್ ಮೇಲೆ ಇನ್ನು ಏನೂ ಬಾಕಿ ಇಲ್ಲ," ಎಂದಳು. ಶಾಂತಕುಮಾರ ಆ ಮಾತನ್ನು ಇನ್ನೊಮ್ಮೆ ಹೇಳುವಂತೆ ಕೇಳಿಕೊಂಡರು. ಆಕೆ ಬೇಸರವಿಲ್ಲದೆ ಇನ್ನೊಮ್ಮೆ ಹೇಳಿದಳು. ಆತ ಕನ್ನಡಕ ತೆಗೆದು, ಗೋಡೆಯ ಕಡೆ ತಿರುಗಿ, ಬಹಳ ಹೊತ್ತು ಒರೆಸಿಕೊಂಡರು.

ಸಂಜೆ ಮೈದಾನದಲ್ಲಿ ಸಿಹಿ ಹಂಚಲಾಯಿತು. ಚೆಂಡೆ, ಡಪ್ಪು ಎರಡೂ ಮತ್ತೆ ಶುರುವಾದವು. ದಿನೇಶ ಕುಣಿಯುತ್ತಿದ್ದುದನ್ನು ಕಾರ್ಖಾನೆಯ ಗೆಳೆಯರು ನಂಬದೆ ನೋಡುತ್ತಿದ್ದರು. ಕತ್ತಲಾಗುವ ಮೊದಲೇ ಚನ್ನಬಸಪ್ಪ ಕೊರಳಿನ ಸೀಟಿ ಬಾಯಿಗಿಟ್ಟು ಊದಿದರು.

"ಕುಣದದ್ದು ಸಾಕು! ಮೊದಲನೇ ದರ್ಜಿ ಆಟ ಅಂದ್ರ ಏನ ತಿಳದೀರಿ? ಮೈದಾನದ ಸುತ್ತ ಓಡ್ರಿ, ನಡೀರಿ!"

ಹುಡುಗರು ನಗುತ್ತ ಓಡತೊಡಗಿದರು. ಬಸ್ತಿಯ ಮಕ್ಕಳು ಅವರ ಬೆನ್ನಿಗೆ ಬಿದ್ದರು. ಕುಮುದಾ ಚಪ್ಪಲಿ ಬಿಟ್ಟು, ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ, ಅವರ ಜೊತೆ ಓಡಿದಳು. ಅರ್ಧ ಸುತ್ತಿಗೆ ಏದುಸಿರು ಬಂತು, ನಿಲ್ಲಲಿಲ್ಲ.